ಹೊರದೇಶದ ಬಡ ಮಕ್ಕಳಿಗೆ ಶಾಲಾ ಸಾಮಗ್ರಿ: ಏನು ಕೂಡಿಸಬೇಕು, ಹೇಗೆ ಕಳಿಸಬೇಕು?

ಬಿಳಿಹಾಳೆ
ಆಫ್ರಿಕಾದ ಮಲಾವಿಯ ಒಂದು ಹಳ್ಳಿ ಶಾಲೆ. ಸ್ಟ್ಯಾಂಡರ್ಡ್ 1ರಿಂದ 8, ಒಟ್ಟು 420 ಮಕ್ಕಳು. ಅಲ್ಲಿಗೆ ನೋಟ್‌ಬುಕ್, ಪೆನ್ಸಿಲ್, ಸ್ಕೂಲ್ ಬ್ಯಾಗ್ ಕೂಡಿಸಿ ಕಳಿಸುವ ಯೋಚನೆ ಇದೆ. ಸಂಗ್ರಹ ಇನ್ನೂ ಶುರು ಮಾಡಿಲ್ಲ, ಅದಕ್ಕೇ ಮೊದಲು ಇಲ್ಲಿ ಕೇಳ್ತಿದ್ದೀನಿ. ಜನ ಕೊಟ್ಟಿದ್ದನ್ನೆಲ್ಲ ತಗೊಳ್ಳೋದಾ, ಇಲ್ಲ ಪಟ್ಟಿ ಕೊಡೋದಾ? ವಿಮಾನನಾ, ಹಡಗಾ? ದಾನದ ಸಾಮಾನಿಗೆ ಸುಂಕ ಇರಲ್ಲ ಅಂತಾರೆ, ನಿಜಾನಾ? ಗೊತ್ತಿರೋರು ಅಂಕಿ ಸಮೇತ ಹೇಳಿ. "ಒಳ್ಳೇ ಕೆಲಸ, ಶುಭವಾಗಲಿ" ಅನ್ನೋ ಕಾಮೆಂಟ್ ಬೇಡ.

ತಕ್ಕಡಿ
ಒಳ್ಳೇ ಕೆಲಸ, ಶುಭವಾಗಲಿ.

ಸರಿ, ಈಗ ಲೆಕ್ಕಕ್ಕೆ ಬನ್ನಿ. ಎ5 ಹಾಳೆ ಅಂದ್ರೆ ಒಂದು ಚದರ ಮೀಟರಿನ 32ನೇ ಒಂದು ಭಾಗ. 60 ಜಿಎಸ್‌ಎಂ (ಚದರ ಮೀಟರಿಗೆ 60 ಗ್ರಾಂ) ಕಾಗದವಾದರೆ ಹಾಳೆಗೆ ಹತ್ತಿರ ಹತ್ತಿರ 1.9 ಗ್ರಾಂ. 200 ಪುಟದ, ಅಂದ್ರೆ 100 ಹಾಳೆಯ ನೋಟ್‌ಬುಕ್ ರಟ್ಟು ಸೇರಿ 200 ಗ್ರಾಂ ಇಟ್ಕೊಳ್ಳಿ. ಮಗುವಿಗೆ 4 ಅಂದ್ರೂ 1,680 ಪುಸ್ತಕ, 336 ಕೆಜಿ. ವಿಮಾನದಲ್ಲಿ 23 ಕೆಜಿ ಸೂಟ್‌ಕೇಸ್ ಲೆಕ್ಕದಲ್ಲಿ 15 ಸೂಟ್‌ಕೇಸ್.

ಈಗ ಪೆನ್ಸಿಲ್. ಒಂದು ಸುಮಾರು 5 ಗ್ರಾಂ. ಮಗುವಿಗೆ 6ರಂತೆ 2,520, ಅಂದ್ರೆ ಹದಿನೇಳೂವರೆ ಗ್ರೋಸ್ (ಗ್ರೋಸಿಗೆ 144). ತೂಕ 12.6 ಕೆಜಿ. ಇಡೀ ಶಾಲೆಯ ಪೆನ್ಸಿಲ್ ಒಂದೇ ಸೂಟ್‌ಕೇಸಿನಲ್ಲಿ ಹೋಗುತ್ತೆ, ಇನ್ನೂ 10 ಕೆಜಿಯಷ್ಟು ಮಿಗುತ್ತೆ (ಖಾಲಿ ಸೂಟ್‌ಕೇಸಿನ ತೂಕ ಅದರಲ್ಲೇ ಕಳೀರಿ). ಪೆನ್ಸಿಲ್ಲು ನೋಟ್‌ಬುಕ್ಕು ಒಂದೇ ದಾರೀಲಿ ಹೋಗಬೇಕು ಅಂತ ಯಾಕೆ ಅಂದುಕೊಳ್ತೀರಿ?

ಅಡ್ಡಮಾತು
ನೋಟ್‌ಬುಕ್ಕೇ ಬೇಡ. ಕಾಗದ ಭಾರ, ಮೇಲಾಗಿ ಅದು ಎಲ್ಲಾ ದೇಶದ ಪೇಟೆಯಲ್ಲೂ ಸಿಗುತ್ತೆ. ದುಡ್ಡು ಕಳಿಸಿ, ಅಲ್ಲೇ ಕೊಳ್ಳಲಿ. ಅಲ್ಲಿನ ಅಂಗಡಿಯವನಿಗೂ ವ್ಯಾಪಾರ, ಶಾಲೆಗೂ ತಮಗೆ ಬೇಕಾದ ರೂಲಿಂಗ್, ಅಂದ್ರೆ ಗೆರೆಯ ಮಾದರಿ. ಇಷ್ಟಕ್ಕೆ ಚರ್ಚೆ ಮುಗೀತು.

ಬಂದರು ಬಸವ
ಮುಗಿದಿಲ್ಲರೀ. ಕಾಗದ ಭಾರ ಅನ್ನೂದು ವಿಮಾನದ ಮಾತು. ಹಡಗಿನಾಗ ಬಿಡಿ ಸರಕಿಗೆ, ಅಂದ್ರ ಬ್ಯಾರೆಯವರ ಮಾಲಿನ ಜೋಡಿ ಕಂಟೇನರ್ ಹಂಚಿಕೊಳ್ಳೂ ಎಲ್‌ಸಿಎಲ್‌ಗೆ, ಲೆಕ್ಕಾನೇ ಬ್ಯಾರೆ. 1 ಘನ ಮೀಟರ್ ಇಲ್ಲಾ 1,000 ಕೆಜಿ, ಯಾವುದು ಜಾಸ್ತಿ ಬರತೈತೋ ಅದಕ್ಕ ಬಾಡಿಗಿ. ಕಾಗದ ಒಂದು ಘನ ಮೀಟರಿಗೆ ಸುಮಾರು 800 ಕೆಜಿ ಕೂಡತೈತಿ. ಅಂದ್ರ ತೂಕದ ಮಿತಿ ಮುಟ್ಟೂದೇ ಇಲ್ಲ. ತಕ್ಕಡಿಯವರು ಹೇಳಿದ 336 ಕೆಜಿ ನೋಟ್‌ಬುಕ್ ಡಬ್ಬಿ ಸಮೇತ ಅರ್ಧ ಘನ ಮೀಟರ್ ಆದ್ರ ಹೆಚ್ಚು. ಸಾಮಾನ್ಯವಾಗಿ 1 ಘನ ಮೀಟರಿನ ಬಾಡಿಗಿ ಕನಿಷ್ಠ ತಗೋತಾರ, ಹಂಗಾಗಿ ಇನ್ನರ್ಧ ಜಾಗಾ ಹೆಂಗೂ ನಿಮ್ಮದ.

ಹಡಗಿನಾಗ ಹೊಡೆತ ಬೀಳೂದು ಬ್ಯಾಗಿಗೆ. ಹಗುರ, ಆದ್ರ ಜಾಗಾ ನುಂಗತಾವ.

ತಕ್ಕಡಿ
ಬ್ಯಾಗು ವಿಮಾನದಲ್ಲೂ ಅಷ್ಟೇ ಕಷ್ಟ ಬಸವಣ್ಣ. ಏರ್ ಕಾರ್ಗೋದಲ್ಲಿ ಉದ್ದ × ಅಗಲ × ಎತ್ತರ ಸೆಂಟಿಮೀಟರಿನಲ್ಲಿ ಗುಣಿಸಿ 6,000ದಿಂದ ಭಾಗಿಸ್ತಾರೆ, ಕೊರಿಯರ್‌ನವರು ಬಹುಪಾಲು 5,000ದಿಂದ. 40 × 30 × 15ರ ಉಬ್ಬಿದ ಬ್ಯಾಗು ಅರ್ಧ ಕೆಜಿ ಇದ್ದರೂ 3 ಕೆಜಿಯ ದುಡ್ಡು ಕಟ್ಟಬೇಕು. ಒಳಗೆ ತುರುಕಿರೋ ಕಾಗದ ತೆಗೆದು, ಚಪ್ಪಟೆ ಮಾಡಿ, ಒಂದರ ಮೇಲೊಂದು ಹಾಕಿ, ಹುರಿಯಲ್ಲಿ ಬಿಗಿದು ಕಟ್ಟಿದರೆ ಅದೇ ಡಬ್ಬಿಯಲ್ಲಿ ಎಷ್ಟೋ ಪಟ್ಟು ಜಾಸ್ತಿ ಹಿಡಿಯುತ್ತೆ. ಬ್ಯಾಗಿನೊಳಗೇ ನೋಟ್‌ಬುಕ್ ತುಂಬಿ ಕಿಟ್ ಮಾಡಿ ಕಳಿಸ್ತೀವಿ ಅನ್ನೋರು ಅರ್ಧ ದುಡ್ಡು ಗಾಳಿ ಸಾಗಿಸೋಕೆ ಕೊಡ್ತಾರೆ.

ಸೀಮೆಸುಣ್ಣ
ಅಡ್ಡಮಾತು ಅವರ ಮಾತಲ್ಲಿ ಹುರುಳಿದೆ, ಪೂರ್ತಿ ಅಲ್ಲ ಅಷ್ಟೆ. ರೂಲಿಂಗ್ ಅನ್ನೋದು ಸಣ್ಣ ವಿಷಯ ಅಲ್ಲ. ಸೆನೆಗಲ್, ಮಾಲಿ, ಬುರ್ಕಿನಾ ಫಾಸೊ ಥರ ಫ್ರೆಂಚ್ ಪದ್ಧತಿಯ ಶಾಲೆಗಳಲ್ಲಿ ಮಕ್ಕಳು ಅಕ್ಷರ ತಿದ್ದೋದು ಸೆಯೆಸ್ ರೂಲಿಂಗ್ ಪುಸ್ತಕದಲ್ಲಿ: 8 ಮಿ.ಮೀ. ಚೌಕ, ಅದರೊಳಗೆ 2 ಮಿ.ಮೀ.ಗೊಂದು ತೆಳು ಗೆರೆ. ಅಕ್ಷರ ಎಷ್ಟು ಗೆರೆ ಏರಬೇಕು, ಎಷ್ಟು ಇಳಿಯಬೇಕು ಅಂತ ಮೇಷ್ಟ್ರು ಆ ಗೆರೆ ಎಣಿಸಿಯೇ ಕಲಿಸೋದು. ಅಲ್ಲಿಗೆ ನಮ್ಮ ಒಂಟಿಗೆರೆ ಪುಸ್ತಕ ಕಳಿಸಿದ್ರೆ ಸಣ್ಣ ತರಗತಿಗೆ ಉಪಯೋಗಕ್ಕೆ ಬರಲ್ಲ. ಅರಬ್ಬಿ ಲಿಪಿಯ ಊರಿಗೆ ಎಡಗಡೆ ಮಾರ್ಜಿನ್ ಹೊಡೆದ ಪುಸ್ತಕ ಉಲ್ಟಾ.

ಯುನಿಸೆಫ್‌ನ 'ಸ್ಕೂಲ್ ಇನ್ ಎ ಬಾಕ್ಸ್' ನೋಡಿ. ಒಬ್ಬ ಶಿಕ್ಷಕರು, 40 ಮಕ್ಕಳ ಅಳತೆಗೆ ಮಾಡಿದ ಪೆಟ್ಟಿಗೆ ಅದು. ಅದರ ನೋಟ್‌ಬುಕ್ಕಿಗೆ ಮಾರ್ಜಿನ್ನೇ ಇಲ್ಲ, ಎಡದಿಂದ ಬರೆಯೋ ಮಗುವೂ ಬಲದಿಂದ ಬರೆಯೋ ಮಗುವೂ ಬಳಸಲಿ ಅಂತ. ಪೆಟ್ಟಿಗೆಯ ಮುಚ್ಚಳಕ್ಕೆ ವಿಶೇಷ ಬಣ್ಣ ಬಳಿದರೆ ಅದೇ ಕರಿಹಲಗೆ. ಅನುಭವಸ್ಥರು ಪಟ್ಟಿ ಮಾಡಿದ್ರೆ ಹೀಗಿರುತ್ತೆ.

ಮಲಾವಿಯಲ್ಲಿ ಇಂಗ್ಲಿಷ್, ಚಿಚೇವಾ ಎರಡೂ ರೋಮನ್ ಲಿಪಿ, ಆದ್ದರಿಂದ ಬಿಳಿಹಾಳೆಯವರಿಗೆ ಒಂಟಿಗೆರೆ ಸಾಕು. ಆದರೂ ಹೆಡ್‌ಮಾಸ್ಟರ್ ಹತ್ತಿರ ಈಗ ಬಳಸ್ತಿರೋ ಪುಸ್ತಕದ ಎರಡು ಪುಟದ ಫೋಟೋ ತರಿಸ್ಕೊಳ್ಳಿ. ಅದು ಬರೋವರೆಗೆ ಪಟ್ಟಿ ಹೊರಡಿಸಬೇಡಿ.

ಬಿಳಿಹಾಳೆ
ಫೋಟೋ ಕೇಳ್ತೀನಿ. ಜೊತೆಗೆ ಇನ್ನೇನು ಕೇಳಲಿ?

ಸೀಮೆಸುಣ್ಣ
ತರಗತಿವಾರು ಹಾಜರಿ. ದಾಖಲಾತಿ ಅಲ್ಲ, ಹಾಜರಿ. 420ನ್ನು 8ರಿಂದ ಭಾಗಿಸಿ ಸಮ ಮಾಡಬೇಡಿ. ಅಲ್ಲಿ ಕೆಳ ತರಗತಿಗಳಲ್ಲಿ ಒಂದೊಂದರಲ್ಲೇ 100 ಮಕ್ಕಳು ಇರೋದು ಸಾಮಾನ್ಯ, 8ಕ್ಕೆ ಬರೋ ಹೊತ್ತಿಗೆ ಬೆರಳೆಣಿಕೆ. 1-2ನೇ ತರಗತಿಗೆ ಕಂಪಾಸ್ ಬಾಕ್ಸ್ ಕೊಟ್ಟರೆ ಮುಳ್ಳು ಚುಚ್ಚಿಕೊಳ್ತಾರೆ, 7-8ಕ್ಕೆ ಕ್ರೇಯಾನ್ ಕೊಟ್ಟರೆ ನಗ್ತಾರೆ. ಎಣಿಕೆ ಬಂದ ಮೇಲೆ ಪ್ರತಿ ಸಾಮಾನೂ ಶೇಕಡ 10 ಜಾಸ್ತಿ ಇಡಿ. ಹಂಚೋ ದಿನ ಸುದ್ದಿ ಹಬ್ಬಿ ಬಾರದ ಮಕ್ಕಳೂ ಬರ್ತಾರೆ. ಹತ್ತು ಮಕ್ಕಳಿಗೆ ಕಮ್ಮಿ ಬಿದ್ದರೂ ಬಯ್ಯಿಸಿಕೊಳ್ಳೋದು ಅಲ್ಲಿನ ಮೇಷ್ಟ್ರು, ನೀವಲ್ಲ.

ಇನ್ನೊಂದು, ಶಾಲೆ ಯಾವಾಗ ಶುರು. ಮಲಾವಿಯಲ್ಲಿ ಸೆಪ್ಟೆಂಬರ್ ಹೊತ್ತಿಗೆ, ಕೀನ್ಯಾ, ಜಾಂಬಿಯಾ, ತಾಂಜಾನಿಯಾದಲ್ಲಿ ಜನವರಿ, ಸೆನೆಗಲ್‌ನಲ್ಲಿ ಅಕ್ಟೋಬರ್, ನೇಪಾಳದಲ್ಲಿ ಏಪ್ರಿಲ್. ವರ್ಷದ ಮಧ್ಯೆ ತಲುಪಿದ ಸಾಮಾನು ಕೋಣೇಲಿ ಕೂತು ಗೆದ್ದಲಿಗೆ ಊಟ.

ಪೆನ್ಸಿಲ್ ಸಿಪ್ಪೆ
ಪಟ್ಟಿ ವಿಷಯಕ್ಕೆ ಬರ್ತೀನಿ. "ಶಾಲಾ ಸಾಮಗ್ರಿ ಕೊಡಿ" ಅಂತ ಬರೆದ್ರೆ ಮನೆಯ ಡ್ರಾಯರ್ ಖಾಲಿ ಮಾಡಿ ತಂದು ಸುರೀತಾರೆ. ಹೀಗೆ ಬರೀರಿ:

ನೋಟ್‌ಬುಕ್: ಎ5, 96ರಿಂದ 100 ಹಾಳೆ, ಒಂಟಿಗೆರೆ, ಪಿನ್ ಅಥವಾ ಹೊಲಿಗೆ. ಸ್ಪೈರಲ್ ಬೇಡ, ತಂತಿ ಒಂದಕ್ಕೊಂದು ಸಿಕ್ಕಿಕೊಂಡು ರಟ್ಟು ಹರಿಯುತ್ತೆ, ಜಾಗಾನೂ ಜಾಸ್ತಿ. ಪೆನ್ಸಿಲ್: ಎಚ್‌ಬಿ, ಮರದ್ದು, ಆರು ಮೂಲೆಯದು, ಕೆತ್ತದೇ ಇರೋದು, ಪೂರ್ತಿ ಪ್ಯಾಕೆಟ್. ಕೆತ್ತಿದ ಪೆನ್ಸಿಲ್ ದಾರೀಲೇ ಮೊನೆ ಮುರಿಯುತ್ತೆ. ಮೆಕ್ಯಾನಿಕಲ್ ಪೆನ್ಸಿಲ್ ಖಂಡಿತ ಬೇಡ, ಕಡ್ಡಿ ಮುಗಿದ ದಿನ ಅದು ಕಸ. ಶಾರ್ಪನರ್: ಲೋಹದ್ದು, ಐದು ಮಕ್ಕಳಿಗೊಂದು. ಅದರ ಜೊತೆ ತರಗತಿಗೊಂದು ಮೇಜಿಗೆ ಬಿಗಿಯೋ ಹಿಡಿಕೆ ಶಾರ್ಪನರ್ ಕೊಟ್ಟರೆ ವರ್ಷಗಟ್ಟಲೆ ಬಾಳುತ್ತೆ. ಬಾಲ್ ಪೆನ್: ಹೊಸದು, ಮುಚ್ಚಳ ಇರೋದು. ಸ್ಕೆಚ್ ಪೆನ್, ಮಾರ್ಕರ್ ಬೇಡ, ಒಣಗ್ತಾವೆ.

ಯಾರೂ ಯೋಚಿಸದ ಒಂದು ಸಂಗತಿ: ರಬ್ಬರು ಮತ್ತು ಪ್ಲಾಸ್ಟಿಕ್ ಸ್ಕೇಲು ಒಟ್ಟಿಗೆ ಇಡಬೇಡಿ. ಈಗಿನ ಬಿಳಿ ರಬ್ಬರು ಬಹುಪಾಲು ಪಿವಿಸಿ. ಅದನ್ನು ಮೆತ್ತಗೆ ಮಾಡೋಕೆ ಹಾಕಿರೋ ಎಣ್ಣೆಯಂಥ ಪದಾರ್ಥ ಬಿಸಿಗೆ ಹೊರಬಂದು ಪಾಲಿಸ್ಟೈರಿನ್ ಸ್ಕೇಲನ್ನು ಕರಗಿಸುತ್ತೆ. ಎರಡೂ ಅಂಟಿಕೊಂಡು ಬಂದ್ರೆ ಬಿಡಿಸೋಕಾಗಲ್ಲ. ರಬ್ಬರಿನ ಕಾಗದದ ಹೊದಿಕೆ ಇರೋದೇ ಇದಕ್ಕೆ, ಕಿತ್ತು ಎಸೀಬೇಡಿ.

ಎಡಗೈ ಬರಹ
ಸ್ಕೇಲು ರಬ್ಬರು ಅಂಟಿಕೊಳ್ಳೋದು ನೋಡಿದ್ದೆ, ಕಾರಣ ಈಗ ಗೊತ್ತಾಯ್ತು!

ರಟ್ಟಿನ ಡಬ್ಬಿ
ಕ್ರೇಯಾನ್ ಬಗ್ಗೆ ಸೇರಿಸ್ತೀನಿ. ಬಿಸಿಲಿಗೆ ಬಿದ್ದ ಕಂಟೇನರಿನ ಒಳಗೆ, ಅದರಲ್ಲೂ ಮೇಲಿನ ಸಾಲಲ್ಲಿ, 50-60 ಡಿಗ್ರಿ ಸೆಲ್ಸಿಯಸ್ ಆಗೋದು ಉಂಟು. ಮೇಣದ ಕ್ರೇಯಾನ್ ಅಷ್ಟಕ್ಕೆ ಕರಗಿ ಮುದ್ದೆ. ಬದಲಿಗೆ ಬಣ್ಣದ ಪೆನ್ಸಿಲ್ ತಗೊಳ್ಳಿ. ಕ್ರೇಯಾನೇ ಬೇಕಂದ್ರೆ ಡಬ್ಬಿಯನ್ನ ಕೆಳಗೆ, ನಡುವೆ ಇಡಿ, ನೋಟ್‌ಬುಕ್ ಡಬ್ಬಿಯ ಮೇಲೆ ಮಾತ್ರ ಬೇಡ.

ಇನ್ನೊಂದು ಶತ್ರು 'ಕಂಟೇನರ್ ಮಳೆ'. ಹಗಲು ಬಿಸಿಗೆ ಕಾಗದ, ರಟ್ಟು, ಮರ ಎಲ್ಲ ತೇವ ಬಿಡ್ತಾವೆ, ರಾತ್ರಿ ತಗಡಿನ ಚಾವಣಿ ತಣ್ಣಗಾದಾಗ ಅದೇ ನೀರಾಗಿ ಕೆಳಗೆ ತೊಟ್ಟಿಕ್ಕುತ್ತೆ. ನೋಟ್‌ಬುಕ್ಕಿಗೆ ಬೂಸ್ಟು ಬರೋದು ಹೀಗೆ, ಸಮುದ್ರದ ನೀರು ನುಗ್ಗಿ ಅಲ್ಲ. ಪೂರ್ತಿ ಕಂಟೇನರ್ ಆದ್ರೆ ಕ್ಯಾಲ್ಸಿಯಂ ಕ್ಲೋರೈಡ್ ಇರೋ ತೇವ ಹೀರುವ ಚೀಲ ಗೋಡೆಗೆ ನೇತು ಹಾಕ್ತಾರೆ. ಬಿಡಿ ಸರಕಾದ್ರೆ ನಿಮ್ಮ ಕೈಲಿರೋದು ಡಬ್ಬಿ ಮಾತ್ರ: 5 ಪದರದ ರಟ್ಟು, ಒಳಗೆ ಒಂದು ಸುತ್ತು ಪಾಲಿಥೀನ್, ಒಣಗಿದ ದಿನ ಪ್ಯಾಕಿಂಗ್. ಮಳೆಗಾಲದಲ್ಲಿ ನೆನೆದ ಗಾಳಿಯನ್ನೇ ಒಳಗಿಟ್ಟು ಸೀಲ್ ಮಾಡಿದ್ರೆ ಪಾಲಿಥೀನ್ ಇನ್ನೂ ಕೆಟ್ಟದು.

ಡಬ್ಬಿ 15 ಕೆಜಿ ದಾಟಬಾರದು. ದಾರೀಲಿ ಏಳೆಂಟು ಕೈ ಬದಲಾಗುತ್ತೆ, ಭಾರದ್ದನ್ನ ಎತ್ತಿ ಇಡಲ್ಲ, ಎತ್ತಿ ಹಾಕ್ತಾರೆ. 75 ನೋಟ್‌ಬುಕ್ ಅಂದ್ರೆ ಸರಿಯಾಗಿ 15 ಕೆಜಿ. ಒಂದು ಡಬ್ಬೀಲಿ ಒಂದೇ ಬಗೆಯ ಸಾಮಾನು.

ಅಡ್ಡಮಾತು
ಪಾಲಿಥೀನ್ ಅಂದ್ರಲ್ಲ, ಕೀನ್ಯಾ 2017ರ ಆಗಸ್ಟಿನಲ್ಲಿ, ತಾಂಜಾನಿಯಾ 2019ರ ಜೂನಿನಲ್ಲಿ ಪ್ಲಾಸ್ಟಿಕ್ ಕೈಚೀಲ ನಿಷೇಧಿಸಿವೆ. ರುವಾಂಡಾದಲ್ಲಿ ಅದಕ್ಕೂ ಮುಂಚೆ, 2008ರಿಂದ. ಮಗುವಿಗೊಂದು ಕಿಟ್ ಅಂತ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಸೂಟ್‌ಕೇಸಲ್ಲಿ ಒಯ್ದರೆ ವಿಮಾನ ನಿಲ್ದಾಣದಲ್ಲೇ ಬಿಚ್ಚಿಸ್ತಾರೆ. ಬಟ್ಟೆ ಚೀಲ ಹೊಲಿಸಿ, ಅದೂ ಮಗುವಿಗೆ ಉಪಯೋಗ.

ರಟ್ಟಿನ ಡಬ್ಬಿ
ನಾನು ಹೇಳಿದ್ದು ಡಬ್ಬಿಯ ಒಳಪದರ, ಕೈಚೀಲ ಅಲ್ಲ. ಆದ್ರೂ ಮಾತು ಸರಿ, ಆ ದೇಶಗಳಿಗೆ ಹೊರಡೋ ಮುಂಚೆ ಯಾವುದಕ್ಕೆ ವಿನಾಯಿತಿ ಇದೆ ಅಂತ ಕೇಳಿಕೊಳ್ಳೋದು ಒಳ್ಳೇದು.

ಬಂದರು ಬಸವ
ಈಗ ಸುಂಕದ ಮಾತಿಗೆ ಬರೂಣು. ಬಿಳಿಹಾಳೆಯವರ, ದಾನ ಅಂದಾಕ್ಷಣ ಸುಂಕ ಮಾಫ್ ಆಗಂಗಿಲ್ಲ. ಮಾಫಿ ಪತ್ರ ಬೇಕು. ಅದನ್ನ ಕೇಳಬೇಕಾದವರು ನೀವಲ್ಲ, ಅಲ್ಲಿ ಮಾಲು ಇಳಿಸಿಕೊಳ್ಳೂ ಸಂಸ್ಥೆ. ಹೆಡ್‌ಮಾಸ್ಟರ್ ಹೆಸರಿಗೆ ಮಾಲು ಕಳಸಬ್ಯಾಡ್ರಿ. ಆ ದೇಶದಾಗ ನೋಂದಾಯಿತ ಸಂಸ್ಥೆ ಇಲ್ಲಾ ಶಿಕ್ಷಣ ಇಲಾಖೆ ಕಚೇರಿ ಇರಲಿ. ಅವರಿಗೆ ನೀವು ಮೊದಲ ಕೊಡಬೇಕಾದ್ದು ಮೂರು ಕಾಗದ: ದಾನಪತ್ರ, ಪ್ಯಾಕಿಂಗ್ ಲಿಸ್ಟ್, ಬೆಲಿ ಹಾಕಿದ ಪ್ರೊಫಾರ್ಮಾ ಇನ್‌ವಾಯ್ಸ್ (ಬೆಲಿ ಪಟ್ಟಿ).

ಬೆಲಿ ಸೊನ್ನಿ ಅಂತ ಬರೀಬ್ಯಾಡ್ರಿ. ಪುಕ್ಕಟೆ ಕೊಟ್ರೂ ಕಸ್ಟಮ್ಸ್‌ನವರಿಗೆ ಬೆಲಿ ಬೇಕ ಬೇಕು. ಇಲ್ಲಾಂದ್ರ ಅವರ ಒಂದು ಬೆಲಿ ಹಚ್ಚತಾರ, ಅದು ನಿಮಗ ಸೇರಂಗಿಲ್ಲ. "ಬೆಲೆ ಕಸ್ಟಮ್ಸ್ ಉದ್ದೇಶಕ್ಕೆ ಮಾತ್ರ, ಮಾರಾಟಕ್ಕಲ್ಲ" ಅಂತ ಕೆಳಗ ಬರೀರಿ. ಪ್ರತಿ ಸಾಲಿಗೂ ಎಚ್‌ಎಸ್ ಕೋಡ್, ಅಂದ್ರ ಕಸ್ಟಮ್ಸ್‌ನವರು ಸರಕು ಗುರುತಿಸೂ ಅಂಕಿ, ಹಾಕ್ರಿ: ನೋಟ್‌ಬುಕ್ 4820, ಪೆನ್ಸಿಲ್ ಕ್ರೇಯಾನ್ 9609, ಬಾಲ್ ಪೆನ್ 9608, ಬ್ಯಾಗ್ 4202, ಶಾರ್ಪನರ್ 8214, ಸ್ಕೇಲ್ ಕಂಪಾಸ್ 9017, ಕತ್ತರಿ 8213, ಅಚ್ಚಾದ ಪುಸ್ತಕ 4901. "ಮಿಶ್ರ ಶಾಲಾ ಸಾಮಗ್ರಿ, 40 ಡಬ್ಬಿ" ಅಂತ ಒಂದ ಸಾಲು ಬರದ್ರ 40 ಡಬ್ಬಿನೂ ಬಿಚ್ಚತಾರ.

ಮಾಫಿ ಪತ್ರ ಕೈಗೆ ಬಂದ ಮ್ಯಾಲೆ ಹಡಗು. ಮೊದಲ ಹಡಗು, ಆಮ್ಯಾಲೆ ಪತ್ರ ಅಂದ್ರ ಬಂದರಿನಾಗ ಪುಕ್ಕಟೆ ದಿನ ಮುಗದು ದಿನಾ ಬಾಡಿಗಿ ಏರತೈತಿ. ಮಾಲಿನ ಬೆಲಿಗಿಂತ ಬಾಡಿಗಿ ಜಾಸ್ತಿ ಆಗಿ ಬಿಟ್ಟುಹೋದ ದಾನದ ಮಾಲು ಹರಾಜಾಗೂದು ಹೊಸಾದಲ್ಲ. ಮಲಾವಿಗೆ ಸಮುದ್ರ ಇಲ್ಲ ನೋಡ್ರಿ. ಮೊಜಾಂಬಿಕ್‌ನ ಬೈರಾ ಇಲ್ಲಾ ನಕಾಲಾ, ಅಥವಾ ತಾಂಜಾನಿಯಾದ ದಾರ್ ಎಸ್ ಸಲಾಮ್‌ನಾಗ ಇಳದು ರಸ್ತೆ ಇಲ್ಲಾ ರೈಲಿನ ಮ್ಯಾಲೆ ಹೋಗಬೇಕು. ಎರಡು ದೇಶದ ಕಾಗದ, ಟ್ರಾನ್ಸಿಟ್ ಬಾಂಡ್ (ಮಾಲು ದಾರಿಯ ದೇಶದಾಗ ಉಳಿಯಂಗಿಲ್ಲ ಅನ್ನೂ ಜಾಮೀನು). ಏಜೆಂಟನಿಗೆ "ಬಂದರಿನ ತನಕ ಎಷ್ಟು" ಅಂತ ಕೇಳಬ್ಯಾಡ್ರಿ, "ಶಾಲಿ ಬಾಗಿಲ ತನಕ ಎಷ್ಟು" ಅಂತ ಕೇಳ್ರಿ.

ಪುಟದ ಅಂಚು
ಯುನೆಸ್ಕೋದ ಫ್ಲಾರೆನ್ಸ್ ಒಪ್ಪಂದ ಇದೆಯಲ್ಲ, ಶೈಕ್ಷಣಿಕ ವಸ್ತುಗಳಿಗೆ ಆಮದು ಸುಂಕ ಇಲ್ಲ ಅಂತ? 1950ರದ್ದು. ಅದನ್ನ ತೋರಿಸಿದ್ರೆ ಆಯ್ತು.

ಬಂದರು ಬಸವ
ಅದರ ಅನುಬಂಧ 'ಎ' ಕಡೀ ಸಾಲು ಓದ್ರಿ. ಪುಸ್ತಕಕ್ಕ ವಿನಾಯಿತಿ ಐತಿ. ಸ್ಟೇಷನರಿಗೆ ಅನ್ವಯಿಸೂದಿಲ್ಲ ಅಂತ ಅಲ್ಲೇ ಬರದಾರ. ಅಂದ್ರ ಕಥೀ ಪುಸ್ತಕ, ಪಠ್ಯಪುಸ್ತಕ ಸರಿ, ನೋಟ್‌ಬುಕ್ಕು ಪೆನ್ಸಿಲ್ಲು ಇಲ್ಲ. ಅದೂ ಆ ದೇಶ ಒಪ್ಪಂದಕ್ಕ ಸೇರಿದ್ರ ಮಾತ್ರ.

ಪುಟದ ಅಂಚು
ಹಾಗಾದ್ರೆ ಅಚ್ಚಾದ ಪುಸ್ತಕವನ್ನ ಬೇರೆ ಮಾಡಿ ಅಂಚೆಯಲ್ಲಿ ಕಳಿಸಬಹುದು. ಎಂ-ಬ್ಯಾಗ್ ಅಂತ ಇದೆ: ಅಚ್ಚಾದ ಸಾಮಗ್ರಿ ಮಾತ್ರ, ಒಂದೇ ವಿಳಾಸ, 30 ಕೆಜಿವರೆಗೆ. ಅದರೊಳಗೆ ಪೆನ್ನು, ಪೆನ್ಸಿಲ್ಲು ತುರುಕಬೇಡಿ, ಚೀಲ ಅನರ್ಹ ಆಗುತ್ತೆ. ಎಲ್ಲ ದೇಶದ ಅಂಚೆಯವರೂ ಎಲ್ಲ ದೇಶಕ್ಕೂ ತಗೊಳ್ಳಲ್ಲ, ವಿಚಾರಿಸಿ. ಅಂದಹಾಗೆ ಬ್ರೈಲ್ ಪುಸ್ತಕ ಇದ್ದರೆ ಬೇರೆ ಕಟ್ಟಿ: ಅಂಧರ ಸಾಮಗ್ರಿಗೆ 7 ಕೆಜಿವರೆಗೆ ಅಂಚೆ ಶುಲ್ಕ ಮಾಫ್.

ಸೀಮೆಸುಣ್ಣ
ಪುಸ್ತಕ ಅಂದ ಕೂಡಲೇ ಹಳೇ ಗೈಡು, ಹರಿದ ಡೈರಿ, ಹೋದ ವರ್ಷದ ಸ್ಪರ್ಧಾ ಪರೀಕ್ಷೆ ಪುಸ್ತಕ ಬರುತ್ತೆ. ಎಲ್ಲಕ್ಕೂ ಒಂದೇ ಪ್ರಶ್ನೆ: ಆ ಶಾಲೆಯ ಮೇಷ್ಟ್ರು ಇದನ್ನ ಈ ವರ್ಷ ತರಗತಿಗೆ ಒಯ್ತಾರಾ? ಬೇರೆ ದೇಶದ ಪಠ್ಯಕ್ರಮದ ಪಠ್ಯಪುಸ್ತಕ ಒಯ್ಯಲ್ಲ. ಗ್ಲೋಬು, ಗೋಡೆ ಭೂಪಟ ಕಳಿಸೋರು ಗಡಿ ನೋಡಿ ಕಳಿಸಿ. ವಿವಾದದ ಗಡಿ ಇರೋ ಕಡೆ ಭೂಪಟ ಮುಟ್ಟುಗೋಲಾಗುತ್ತೆ, ಜೊತೆಗೆ ಇಡೀ ಸರಕು ನಿಲ್ಲುತ್ತೆ.

ತಕ್ಕಡಿ
ನಿಲ್ಲಿಸೋ ಸಾಮಾನಿನ ಪಟ್ಟಿ ಉದ್ದ ಇದೆ. ಮಿಲಿಟರಿ ಮಚ್ಚೆಯ, ಅಂದ್ರೆ ಕ್ಯಾಮೊಫ್ಲಾಜ್ ಬಟ್ಟೆಯ ಬ್ಯಾಗು, ಪೌಚು ತೆಗೆದಿಡಿ. ಜಾಂಬಿಯಾ, ಜಿಂಬಾಬ್ವೆ, ಜಮೈಕಾ, ಬಾರ್ಬಡೋಸ್ ಥರ ಕಡೆ ಸಾಮಾನ್ಯರು ಅದನ್ನ ತೊಡೋದೇ ಅಪರಾಧ. ಮಗು ಹೆಗಲಿಗೆ ಹಾಕ್ಕೊಂಡು ಹೋದ್ರೆ ಕಷ್ಟ. ವಾಸನೆಯ ಗಮ್, ವೈಟ್‌ನರ್, ಕರಿಹಲಗೆ ಪೇಂಟ್ ಬೆಂಕಿ ಹತ್ತುವ ದ್ರಾವಕದ್ದು, ವಿಮಾನಕ್ಕೆ ಸಲ್ಲ. ಕರಿಹಲಗೆ ಪೇಂಟ್ ಅಲ್ಲೇ ಕೊಳ್ಳಿ. ಕತ್ತರಿ ಚೆಕ್-ಇನ್ ಸೂಟ್‌ಕೇಸಿಗೆ, ಬಿಡಿ ಲಿಥಿಯಂ ಬ್ಯಾಟರಿ ಕೈಚೀಲಕ್ಕೆ. ಹಳೇ ಬ್ಯಾಗಿನ ಪ್ರತಿ ಜೇಬಿಗೂ ಕೈ ಹಾಕಿ ನೋಡಿ: ಮಾತ್ರೆ, ಬ್ಲೇಡು, ಕಾಳು ಬೀಜ ಏನಾದ್ರೂ ಇರುತ್ತೆ.

ನಾಳೆ ನೋಡೋಣ
ಹಳೇ ಲ್ಯಾಪ್‌ಟಾಪ್ ಕೊಡೋರು ಇದ್ದಾರೆ, ಸೇರಿಸಬಹುದಾ?

ತಕ್ಕಡಿ
ಕೆಟ್ಟಿದ್ದು, "ರಿಪೇರಿ ಮಾಡ್ಕೊಳ್ಳಲಿ" ಅನ್ನೋದು ಬೇಡವೇ ಬೇಡ. ಅಪಾಯಕಾರಿ ತ್ಯಾಜ್ಯದ ಸಾಗಣೆ ಬಗೆಗಿನ ಬೇಸೆಲ್ ಒಪ್ಪಂದದ ತಿದ್ದುಪಡಿ 2025ರ ಜನವರಿ 1ರಿಂದ ಜಾರಿ. ಅಪಾಯಕಾರಿ ಅಲ್ಲದ ಇ-ತ್ಯಾಜ್ಯ ಕಳಿಸೋಕೂ ಆ ದೇಶದ ಮುಂಗಡ ಒಪ್ಪಿಗೆ ಬೇಕು. ನಡೆಯೋ ಲ್ಯಾಪ್‌ಟಾಪ್ ಆದ್ರೂ ಪರೀಕ್ಷಿಸಿದ ದಾಖಲೆ, ಚಾರ್ಜರ್ ಸಮೇತ, ಡಿಸ್ಕ್ ಅಳಿಸಿ. ಶಾಲೇಲಿ ಕರೆಂಟ್ ಇದೆಯಾ ಅಂತ ಮೊದಲು ಕೇಳಿ ಸ್ವಾಮಿ.

ಅಡ್ಡಮಾತು
ಇಷ್ಟೆಲ್ಲ ತಲೆನೋವು ಓದಿದ ಮೇಲೂ ದುಡ್ಡು ಕಳಿಸಿ ಅಲ್ಲೇ ಕೊಳ್ಳೋದೇ ಸುಲಭ ಅನ್ನೋ ನನ್ನ ವಾದ ಬಿಟ್ಟಿಲ್ಲ.

ಸೀಮೆಸುಣ್ಣ
ನೋಟ್‌ಬುಕ್ಕಿನ ಮಟ್ಟಿಗೆ ಒಪ್ಪಿದೆ. ಆದ್ರೆ ಶಾಲೆ ಶುರುವಾಗೋ ತಿಂಗಳಲ್ಲಿ ಚಿಕ್ಕ ಪೇಟೆಯಲ್ಲಿ 1,680 ನೋಟ್‌ಬುಕ್ ಒಮ್ಮೆಲೇ ಎತ್ತಿದ್ರೆ ಉಳಿದವರಿಗೆ ಸಿಗಲ್ಲ, ಬೆಲೆನೂ ಏರುತ್ತೆ. ಎರಡು ತಿಂಗಳು ಮೊದಲೇ ಸಗಟು ಅಂಗಡಿಗೆ ಹೇಳಿಡಬೇಕು. ಮೂರು ಕಡೆಯ ದರಪಟ್ಟಿ, ಬಿಲ್ಲು, ಶಾಲೆಯ ದಾಸ್ತಾನು ಪುಸ್ತಕದಲ್ಲಿ ನಮೂದು. ಇವಿಷ್ಟೂ ಇಲ್ಲದೆ ದುಡ್ಡು ಕಳಿಸೋದು ಸಾಮಾನು ಕಳಿಸೋದಕ್ಕಿಂತ ಸುಲಭ ಏನಲ್ಲ. ಮೇಜಿನ ಶಾರ್ಪನರ್, ಒಳ್ಳೇ ಕಂಪಾಸ್, ಕರಿಹಲಗೆಗೆ ಬೇಕಾದ ಜ್ಯಾಮಿತಿ ಸಾಮಾನು ಹಳ್ಳಿ ಪೇಟೇಲಿ ಸಿಗೋದು ಕಷ್ಟ. ಅವನ್ನ ಇಲ್ಲಿಂದ ಒಯ್ಯಿರಿ.

ಬಿಳಿಹಾಳೆ
ಹಾಗಾದ್ರೆ ಪೆನ್ಸಿಲ್, ಶಾರ್ಪನರ್, ಕಂಪಾಸ್ ಇಲ್ಲಿ ಕೂಡಿಸಿ, ಹೋಗೋರ ಲಗೇಜಿನಲ್ಲಿ. ನೋಟ್‌ಬುಕ್ಕಿಗೆ ದುಡ್ಡು. ಬ್ಯಾಗ್ ಈ ಸಲ ಇಲ್ಲ. ಸರಿನಾ?

ಬಂದರು ಬಸವ
ಸರಿ. ಆದ್ರ 2,500 ಪೆನ್ಸಿಲ್ ಸೂಟ್‌ಕೇಸಿನಾಗ ಇದ್ರ "ಸ್ವಂತ ಬಳಕೆಗೆ" ಅಂದ್ರ ಯಾರೂ ನಂಬೂದಿಲ್ಲ. ಕಸ್ಟಮ್ಸ್‌ನ ಕೆಂಪು ಸಾಲಿಗೆ ಹೋಗಿ ಹೇಳಿಬಿಡ್ರಿ. ದಾನಪತ್ರ, ಲಿಸ್ಟು, ಅಲ್ಲಿನ ಸಂಸ್ಥೆಯ ಪತ್ರ ಮೂರೂ ಕೈಚೀಲದಾಗ ಇರಲಿ, ಸೂಟ್‌ಕೇಸಿನೊಳಗ ಅಲ್ಲ. ಮರದ ಪೆಟ್ಟಿಗಿ ಮಾಡಸಬ್ಯಾಡ್ರಿ. ಕಚ್ಚಾ ಮರ ಅಂದ್ರ 56 ಡಿಗ್ರಿಗೆ 30 ನಿಮಿಷ ಕಾಯಿಸಿದ ಮುದ್ರಿ ಇರಬೇಕು, ಮರದ ಹುಳ ಹರಡಬಾರದು ಅನ್ನೂ ಆ ನಿಯಮಕ್ಕ ಐಎಸ್‌ಪಿಎಂ 15 ಅಂತಾರ.

ಪೆನ್ಸಿಲ್ ಸಿಪ್ಪೆ
ಸಂಗ್ರಹದ ಡಬ್ಬಿಯ ಮೇಲೆ 'ಬೇಕು' ಪಟ್ಟಿಗಿಂತ 'ಬೇಡ' ಪಟ್ಟಿ ದೊಡ್ಡಕ್ಷರದಲ್ಲಿರಲಿ. ದಾನಿಗಳಿಗೆ ಸಾಮಾನು ಹಂಚಿಕೊಡಿ: ಈ ಕಚೇರಿ ಪೆನ್ಸಿಲ್ ಮಾತ್ರ, ಆ ಬೀದಿ ಶಾರ್ಪನರ್ ಮಾತ್ರ. ವಿಂಗಡಿಸೋ ಕೆಲಸ ಮುಕ್ಕಾಲು ಪಾಲು ಅಲ್ಲೇ ಮುಗಿಯುತ್ತೆ.

ಎಡಗೈ ಬರಹ
ಕತ್ತರಿ ಸೇರಿಸ್ತೀರಾದ್ರೆ ಹತ್ತಕ್ಕೊಂದು ಎಡಗೈಯದ್ದು ಇರಲಿ. ಬಲಗೈ ಕತ್ತರಿ ಎಡಗೈಲಿ ಹಿಡಿದ್ರೆ ಅಲಗುಗಳು ದೂರ ಸರಿದು ಕಾಗದ ಮಡಚಿಕೊಳ್ಳುತ್ತೆ, ಕತ್ತರಿಸಲ್ಲ.

ಅಡ್ಡಮಾತು
ಹಿಡಿಕೆ ಎರಡೂ ಕಡೆ ಒಂದೇ ಥರ ಇರೋ ಕತ್ತರಿ ಸಿಗುತ್ತಲ್ಲ?

ಎಡಗೈ ಬರಹ
ಹಿಡಿಕೆ ಮಾತ್ರ ಒಂದೇ ಥರ, ಅಲಗು ಬಲಗೈಯದ್ದೇ. ಯಾವ ಅಲಗು ಮೇಲಿದೆ ನೋಡಿ ಕೊಳ್ಳಿ: ಎಡಗೈಯದ್ದರಲ್ಲಿ ಎಡ ಅಲಗು ಮೇಲಿರುತ್ತೆ.